ಬೇವು ಕುಡಿದಾದ ಮೇಲೆ

ಈ ಸಲದ ಸಂವತ್ಸರದ ಹೆಸರೇ ಪರಾಭವ. 2026ರ ಮಾರ್ಚ್ 19, ಗುರುವಾರ ಯುಗಾದಿ. ಗುಡಿಯಲ್ಲಿ ಪಂಚಾಂಗ ಓದುವವರು ‘ಪರಾಭವ ನಾಮ ಸಂವತ್ಸರ’ ಅಂದ ಕೂಡಲೇ ಕಟ್ಟೆಯ ಮೇಲಿನಿಂದ ಒಂದು ದನಿ ‘ಯಾರದ್ರೀ ಅಜ್ಜಾರ?’ ಅಂತ ಕೇಳದೆ ಬಿಡುವುದಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮಂದಿಗೆ ಈ ಶಬ್ದ ಪರಿಚಯವಾದದ್ದು ಪಂಚಾಂಗದಿಂದಲ್ಲ, ಮತ ಎಣಿಕೆಯ ದಿನದ ಸುದ್ದಿಯಿಂದ. ಹೆಸರು ಕೇಳಿ ನಗು ಬರುತ್ತದೆ, ನಗುವಿನ ಕೆಳಗೆ ಒಂದಿಷ್ಟು ಅಂಜಿಕೆಯೂ ಇದೆ.

ಆಮೇಲೆ ನವನಾಯಕರ ಪಟ್ಟಿ. ಯುಗಾದಿ ಯಾವ ವಾರವೋ ಆ ವಾರದ ಗ್ರಹ ವರ್ಷದ ರಾಜ. ಹಾಗಾಗಿ ಈ ವರ್ಷದ ರಾಜ ಗುರು. ಮೇಷ ಸಂಕ್ರಮಣ ಏಪ್ರಿಲ್ 14ರ ಮಂಗಳವಾರ. ಹಾಗಾಗಿ ಮಂತ್ರಿ ಕುಜ. ಬಂಡಾಯವಿಲ್ಲ, ರೆಸಾರ್ಟಿಲ್ಲ, ಖಾತೆ ಕ್ಯಾತೆ ಇಲ್ಲ. ಸಂಪುಟ ರಚನೆ ಇಷ್ಟು ಸುಸೂತ್ರವಾಗಿ ನಡೆಯುವುದು ಪಂಚಾಂಗದಲ್ಲಿ ಮಾತ್ರ.

ಪಂಚಾಂಗ ಮುಗಿದ ಮೇಲೆ ಬೇವು. ದಕ್ಷಿಣದ ಜಿಲ್ಲೆಗಳಲ್ಲಿ ಬೇವು-ಬೆಲ್ಲ ತಿನ್ನುತ್ತಾರೆ. ಈ ಕಡೆ ಕುಡಿಯುತ್ತಾರೆ. ಹೊಸ ಗಡಿಗೆಯಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಬೆಲ್ಲ, ಲಿಂಬೆ ಗಾತ್ರದ ಹುಣಸೆಹಣ್ಣಿನ ರಸ, ನೂರು ಗ್ರಾಂ ಪುಟಾಣಿ (ಹುರಿಗಡಲೆ) ಹಿಟ್ಟು, ತುರಿದ ಅರ್ಧ ಮಾವಿನಕಾಯಿ, ಒಣಕೊಬ್ಬರಿ, ಗಸಗಸೆ, ದ್ರಾಕ್ಷಿ, ಗೋಡಂಬಿ, ಚಿಟಿಕೆ ಏಲಕ್ಕಿ. ಎರಡು ಚಮಚ ಬೇವಿನ ಹೂವು ಕಡೆಗೆ. ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ಮೊದಲು ಬಟ್ಟಲಲ್ಲಿ ಸ್ವಲ್ಪ ನೀರು ಹಾಕಿ ಕಲಸಿಕೊಂಡು ಆಮೇಲೆ ಗಡಿಗೆಗೆ ಬಿಡಬೇಕು. ಹೂವು ಸಿಗಲಿಲ್ಲವೆಂದು ಎಲೆ ಅರೆದು ಹಾಕಿದರೆ ಗಡಿಗೆಯಷ್ಟೂ ಕಹಿಯಾಗಿ ಮಕ್ಕಳು ಓಡುತ್ತಾರೆ. ಹುಣಸೆ ಇರುವುದರಿಂದ ಕಲಾಯಿ ಹೋದ ತಾಮ್ರ-ಹಿತ್ತಾಳೆ ಪಾತ್ರೆ ಕೂಡದು, ಕಿಲುಬು ಬಿಡುತ್ತದೆ. ಬಿಸಿಲು ಜೋರಿದ್ದರೆ ಸಂಜೆಗೇ ಹುಳಿಯುತ್ತದೆ, ಅಷ್ಟರೊಳಗೆ ಖಾಲಿ ಮಾಡಬೇಕು. ಒಂದು ಲೀಟರ್ ಸಿಹಿಗೆ ಕಹಿ ಎರಡೇ ಚಮಚ ಎಂಬುದನ್ನು ಮಾತ್ರ ಗಮನಿಸಿ. ವರ್ಷವಿಡೀ ಮೊಬೈಲ್ ಕುಡಿಸುವ ಬೇವಿನಲ್ಲಿ ಈ ಅಳತೆ ತಿರುಗಾಮುರುಗಾ ಆಗಿದೆ.

ಮುಂದಿನ ವರ್ಷ ಏನಾಗುತ್ತದೆ ಎಂದು ಕೇಳುವ ಚಟ ಈ ಸೀಮೆಗೆ ಹಳೆಯದು. ವಿಜಯಪುರ ಜಿಲ್ಲೆಯ ಬಬಲಾದಿಯ ಕಾಲಜ್ಞಾನದ ಮಾತು ಪತ್ರಿಕೆಗೆ ಬರುತ್ತದೆ. ಪಕ್ಕದ ಧಾರವಾಡದ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಯ ರಾತ್ರಿ ತುಪ್ಪರಿ ಹಳ್ಳದ ದಂಡೆಯಲ್ಲಿ ಮಣ್ಣಿನ ಬೊಂಬೆ, ಕಾಳು ಇಟ್ಟು ಬಂದು ಬೆಳಗ್ಗೆ ಹೋಗಿ ನೋಡುತ್ತಾರೆ. ಯಾವ ದಿಕ್ಕಿನ ಬೊಂಬೆ ಬಿತ್ತು, ಯಾವುದು ಹಾಗೇ ನಿಂತಿತು ಎಂಬುದರ ಮೇಲೆ ಮಳೆ, ಬೆಳೆ, ರಾಜಕೀಯ ಮೂರಕ್ಕೂ ಫಲ. ಕೇಳುವವರ ಪ್ರಶ್ನೆಗಳೂ ಎರಡೇ: ಮಳಿ ಹ್ಯಾಂಗ? ಕುರ್ಚಿ ಯಾರದು?

ಆದರೆ ಒಂದನ್ನು ನೋಡಿ. ಭವಿಷ್ಯ ಕೇಳಿ ಬಂದ ಅದೇ ರೈತ ಅದನ್ನು ನಂಬಿ ಬಿತ್ತುವುದಿಲ್ಲ. ‘ರೋಹಿಣಿ ಮಳೆ ಬಿದ್ದರೆ ಓಣಿ ತುಂಬಾ ಜೋಳ’ ಎಂಬ ಗಾದೆ ಬಾಯಲ್ಲಿರುತ್ತದೆ. ಕೈ ಮಾತ್ರ ಬೇರೆ ಕೆಲಸದಲ್ಲಿರುತ್ತದೆ. ಬಿತ್ತನೆಗೆ ವಾರ ಮುಂಚೆ ಚೀಲದಿಂದ ಕಣ್ಣುಮುಚ್ಚಿ ನೂರು ಕಾಳು ತೆಗೆದು, ಒದ್ದೆ ಗೋಣಿತಟ್ಟಿನ ಮೇಲೆ ಹತ್ತು ಸಾಲು ಮಾಡಿ, ಸುರುಳಿ ಸುತ್ತಿ ನೆರಳಲ್ಲಿಟ್ಟು, ಮುಂಜಾನೆ-ಸಂಜೆ ನೀರು ಚಿಮುಕಿಸುತ್ತಾನೆ. ನಾಲ್ಕೈದು ದಿನಕ್ಕೆ ಬಿಚ್ಚಿ ಎಣಿಸಿದಾಗ ಜೋಳದಲ್ಲಿ 75ಕ್ಕಿಂತ ಹೆಚ್ಚು ಮೊಳೆತಿದ್ದರೆ ಬೀಜ ಚಲೋ. 60 ಬಂದರೆ ಎಕರೆಗೆ ಮೂರು ಕಿಲೋ ಬದಲು ಮೂರೂಮುಕ್ಕಾಲು ಕಿಲೋ. ಅರ್ಧಕ್ಕಿಂತ ಕಡಿಮೆಯಾದರೆ ಆ ಚೀಲ ಬಿತ್ತಲು ಬೇಡ. ಮುಂಗಾರಿನಲ್ಲೇ ಎರೆಹೊಲಕ್ಕೆ ಚೌಕುಮಡಿ ಹಾಕಿ ಬಿದ್ದಷ್ಟು ನೀರು ಅಲ್ಲೇ ಇಂಗಿಸಿ, ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾನೆ. ಮೊದಲ ಬಿತ್ತನೆ ಒಣಗಿದರೆ ಇರಲೆಂದು ಇನ್ನೊಂದು ಬಿತ್ತನೆಗಾಗುವಷ್ಟು ಬೀಜ ಎತ್ತಿಟ್ಟಿರುತ್ತಾನೆ. ತೊಗರಿಯ ನಡುವೆ ಅಕ್ಕಡಿ ಸಾಲು ಹಾಕುತ್ತಾನೆ, ಒಂದು ಹೋದರೆ ಇನ್ನೊಂದಾದರೂ ಕೈಗೆ ಬರಲೆಂದು.

ಭರವಸೆ ಎಂಬುದು ಈ ಎತ್ತಿಟ್ಟ ಬೀಜದಲ್ಲಿದೆ. ಚಿಂತೆ ಇರುವವನೇ ಬೀಜ ಎತ್ತಿಡುವುದು. ಚಿಂತೆಯೇ ಇಲ್ಲದವನು ಎಲ್ಲವನ್ನೂ ಒಂದೇ ಮಳೆಗೆ ಸುರಿದು ಬರುತ್ತಾನೆ. ರಾಜಕೀಯದ ವಿಷಯಕ್ಕೆ ಬಂದಾಗ ಮಾತ್ರ ನಾವು ಎರಡನೆಯವನ ಹಾಗೆ ನಡೆದುಕೊಳ್ಳುತ್ತೇವೆ. ಇದ್ದಬದ್ದ ಆಸೆಯನ್ನೆಲ್ಲ ಒಬ್ಬ ನಾಯಕನ ಮೇಲೆ, ಒಂದು ಚುನಾವಣೆಯ ಮೇಲೆ ಬಿತ್ತಿ, ಅದು ಒಣಗಿದ ಕೂಡಲೇ ‘ದೇಶ ಕೆಟ್ಟುಹೋತು’ ಎಂದು ಕೈ ಝಾಡಿಸಿ ಏಳುತ್ತೇವೆ.

ಹಿಂದಿನ ಪರಾಭವ ಸಂವತ್ಸರ ಬಂದದ್ದು ಅರವತ್ತು ವರ್ಷದ ಕೆಳಗೆ, 1966–67ರಲ್ಲಿ. ಆ ವರ್ಷ ಏನೇನಾಯಿತೆಂದು ನೆನೆದರೆ ಹೆಸರಿಗೆ ತಕ್ಕ ವರ್ಷವೇ. 1966ರ ಜೂನ್ 6ರಂದು ರೂಪಾಯಿಯ ಮೌಲ್ಯ ಇಳಿಸಿದರು, ಡಾಲರಿಗೆ ₹4.76 ಇದ್ದದ್ದು ₹7.50 ಆಯಿತು. ದೇಶದ ಹಲವು ಕಡೆ ಬರ, ಅಮೆರಿಕದ ಹಡಗಿನಿಂದ ಇಳಿದ ಪಿಎಲ್-480 ನೆರವಿನ ಗೋಧಿ ರೇಷನ್ ಚೀಲದಲ್ಲಿ. ಅಕ್ಟೋಬರ್ 25ರಂದು ಬೆಳಗಾವಿಯ ತಲೆಯ ಮೇಲೆ, ಮಹಾರಾಷ್ಟ್ರದ ಜೊತೆಗಿನ ಗಡಿ ತಕರಾರು ಬಗೆಹರಿಸಲೆಂದು, ಮಹಾಜನ ಆಯೋಗ ಬಂದು ಕುಳಿತಿತು. 1967ರ ಫೆಬ್ರುವರಿಯ ಚುನಾವಣೆಯಲ್ಲಿ ಆಳುವ ಕಾಂಗ್ರೆಸ್ ಹಲವು ರಾಜ್ಯಗಳಲ್ಲಿ ಬಹುಮತ ಕಳೆದುಕೊಂಡಿತು. ಅದೇ 1966ರಲ್ಲಿ, ತಿನ್ನುವ ಗೋಧಿಗೂ ಕೈಚಾಚಿದ್ದ ದೇಶ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿತು. ಹಸಿವಿನ ವರ್ಷದಲ್ಲಿ ಬೀಜಕ್ಕೆ ದುಡ್ಡು ಹಾಕುವುದು ಸಣ್ಣ ನಿರ್ಧಾರವಾಗಿರಲಿಲ್ಲ.

ಮಹಾಜನ ವರದಿ 1967ರ ಆಗಸ್ಟ್‌ನಲ್ಲಿ ಬಂತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಕರ್ನಾಟಕಕ್ಕೆ ಎಂದೂ ಬರೆಯಿತು. ಯಾವ ಹಳ್ಳಿಯೂ ಕದಲಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರತಿ ನವೆಂಬರ್ 1ಕ್ಕೆ ಒಂದು ಓಣಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಓಣಿಯಲ್ಲಿ ಕರಾಳ ದಿನ. ಮರುದಿನ ಇಬ್ಬರೂ ಅದೇ ಸಂತೆಯಲ್ಲಿ ಅದೇ ಕಾಯಿಪಲ್ಯದವಳ ಮುಂದೆ ಚೌಕಾಸಿ ಮಾಡುತ್ತಾರೆ. ಅರವತ್ತು ವರ್ಷ ನಗರವನ್ನು ಹಿಡಿದಿಟ್ಟದ್ದು ಆ ಸಂತೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈಗಿನ ಚಿಂತೆಗಳಿಗೆ ಬರೋಣ. ಅವು ಸುಳ್ಳಲ್ಲ, ‘ಎಲ್ಲಾ ಚಲೋ ಆಗ್ತದ’ ಎಂದು ಮುಚ್ಚಿಡುವಂಥವೂ ಅಲ್ಲ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಪಂಚಾಯಿತಿಗಳಿಗೆ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. 2022ರಿಂದ 2025ರವರೆಗಿನ ನಾಲ್ಕೂ ಯುಗಾದಿಗಳು ಆ ಎರಡು ಹಂತಗಳಲ್ಲಿ ಚುನಾಯಿತ ಸದಸ್ಯರಿಲ್ಲದೆ ಕಳೆದವು. ಯಾವ ಒಂದು ಪಕ್ಷದ ಮೇಲೆ ಬೆರಳು ಮಾಡಿದರೂ ಪೂರ್ತಿ ಸತ್ಯವಾಗದು. ಈ ನಡುವೆ ಸರ್ಕಾರವೂ ಬದಲಾಗಿತ್ತು. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಐದು ವರ್ಷವೂ ಈಗ ತುಂಬಿದ ಲೆಕ್ಕ.

ಇಲ್ಲೇ ಬಹಳ ಜನ ಗಮನಿಸದ ಒಂದು ಅಂಶವಿದೆ. ಪಂಚಾಯಿತಿಗೆ ಐದು ವರ್ಷದ ಆಯುಷ್ಯ; ಗ್ರಾಮಸಭೆಗೆ ಅವಧಿಯೇ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಊರಿನ ಎಲ್ಲರೂ ಸೇರಿದರೆ ಗ್ರಾಮಸಭೆ. ಅದನ್ನು ವಿಸರ್ಜಿಸಲು ಬರುವುದಿಲ್ಲ. ಕುರ್ಚಿಯಲ್ಲಿ ಅಧ್ಯಕ್ಷರಿರಲಿ, ಆಡಳಿತಾಧಿಕಾರಿ ಇರಲಿ, 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಗ್ರಾಮಸಭೆಯ ಕೋರಂ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ನಾಲ್ಕು ಸಾವಿರ ಮತದಾರರ ಊರಲ್ಲಿ ನೂರು ಮಂದಿ ಸಾಕು. ಒಂದು ಮದುವೆಯ ಹಂದರದಲ್ಲಿ ಮೊದಲ ಪಂಕ್ತಿಗೆ ಕೂರುವಷ್ಟೂ ಅಲ್ಲ.

ಆದರೂ ಗ್ರಾಮಸಭೆ ಕೆಡುತ್ತದೆ. ಕೆಡುವ ಬಗೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹೊಲದ ಕೆಲಸ ಜೋರಿರುವ ದಿನ, ಮುಂಜಾನೆ ಹನ್ನೊಂದಕ್ಕೆ ಸಭೆ ಇಡುತ್ತಾರೆ; ಡಂಗುರ ಒಂದು ಓಣಿಗೆ ಕೇಳಿಸಿದರೆ ಇನ್ನೊಂದಕ್ಕಿಲ್ಲ. ಇಪ್ಪತ್ತು ಮಂದಿ ಬರುತ್ತಾರೆ, ಉಳಿದ ಸಹಿಗಳು ಆಮೇಲೆ ಮನೆಮನೆಗೆ ಹೋಗುತ್ತವೆ. ನಡಾವಳಿ ಪುಸ್ತಕದ ಪುಟ ಖಾಲಿ ಬಿಟ್ಟು ನಂತರ ತುಂಬುತ್ತಾರೆ. ಯಾರದೋ ಜಗಳ ಎದ್ದು ಸಭೆ ಮುರಿಯುತ್ತದೆ. ಮುರಿದದ್ದು ಕೆಲವೊಮ್ಮೆ ಬೇಕಂತಲೇ.

ಇದಕ್ಕೆ ಮದ್ದು ಭಾಷಣವಲ್ಲ, ಬರವಣಿಗೆ. ಬೇಡಿಕೆಯನ್ನು ‘ನಮ್ಮ ಓಣಿಗೆ ಗಟಾರ ಬೇಕು’ ಎಂದು ಕೂಗಿ ಹೇಳಿದರೆ ಗಾಳಿಗೆ ಹೋಗುತ್ತದೆ. ‘3ನೇ ವಾರ್ಡು, ಹನುಮಪ್ಪನ ಗುಡಿಯಿಂದ ಶಾಲೆಯ ಗೇಟಿನವರೆಗೆ, ಸುಮಾರು 80 ಮೀಟರ್, ನೀರು ಪೂರ್ವಕ್ಕೆ ಹರಿಯಬೇಕು’ ಎಂದು ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಹಾಕಿಸಿಕೊಂಡರೆ ಅದಕ್ಕೆ ಕಾಲು ಬರುತ್ತವೆ. ಏಳುವ ಮುಂಚೆ ನಡಾವಳಿಯನ್ನು ಗಟ್ಟಿಯಾಗಿ ಓದಿಸಬೇಕು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಬೇಕು, ಆ ಪುಟದ ಫೋಟೋ ತೆಗೆದುಕೊಳ್ಳಬೇಕು. ಈ ಗೆರೆ ಎಳೆಸುವುದು ಸಣ್ಣ ಕೆಲಸ ಅನ್ನಿಸುತ್ತದೆ. ಗೆರೆಯ ಕೆಳಗೆ ಆಮೇಲೆ ಏನಾದರೂ ಬರೆದರೆ ಸೇರಿಸಿದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ, ಗೆರೆಯಿಲ್ಲದಿದ್ದರೆ ಗೊತ್ತಾಗದು.

ಈ ಯುಗಾದಿಗೆ ಕೇಳಲೇಬೇಕಾದ ಒಂದು ಪ್ರಶ್ನೆಯೂ ಇದೆ. 15ನೇ ಹಣಕಾಸು ಆಯೋಗದ ಅವಧಿ 2026ರ ಮಾರ್ಚ್ 31ಕ್ಕೆ, ಅಂದರೆ ಹಬ್ಬವಾದ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಅದರ ಲೆಕ್ಕದಲ್ಲಿ ಪಂಚಾಯಿತಿಗೆ ಬರುವ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, 40 ಪಾಲು ಊರಿನ ಬೇರೆ ಅಗತ್ಯಗಳಿಗೆ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ? ಇ-ಗ್ರಾಮ್‌ಸ್ವರಾಜ್ ಆ್ಯಪಿನಲ್ಲಿ ಊರಿನ ಹೆಸರು ಹಾಕಿದರೆ ಪಾವತಿಗಳು ಕಾಣುತ್ತವೆ. ಅದನ್ನು ನೋಡಿಕೊಂಡು ಸಭೆಗೆ ಬಂದವರ ಪ್ರಶ್ನೆಗೂ ಸುಮ್ಮನೆ ಬಂದವರ ಪ್ರಶ್ನೆಗೂ ಉತ್ತರ ಬೇರೆಯಾಗಿರುತ್ತದೆ. ನಳದ ವಿಷಯವೂ ಹಾಗೆ. ಜಲಜೀವನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಮಂದಿಯ ಮನೆಗೆ 275 ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ. ಒಂದು ವಾರ ಕೊಡ ಎಣಿಸಿ ಬರೆದಿಟ್ಟ ಚೀಟಿಯ ಮುಂದೆ ‘ಎಲ್ಲಾ ಮನೀಗೂ ನಳ ಕೊಟ್ಟೇವಿ’ ಎಂಬ ಮಾತು ನಿಲ್ಲುವುದಿಲ್ಲ. ಇಂಥ ಲೆಕ್ಕದಲ್ಲಿ ಹೆಣ್ಣುಮಕ್ಕಳನ್ನು ಮೀರಿಸಿದವರಿಲ್ಲ. ಸಭೆಯಲ್ಲಿ ನೂರಕ್ಕೆ ಮೂವತ್ತು ಮಹಿಳೆಯರಿರಲಿ ಎಂದು ಕಾನೂನು ಹೇಳುವುದನ್ನು ಊರು ತನ್ನ ಲಾಭಕ್ಕಾದರೂ ಪಾಲಿಸಬೇಕು.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ ₹10, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ, ಪ್ರತಿಗೆ ಪುಟಕ್ಕೆ ₹2. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಸಿಟ್ಟಿನಲ್ಲಿ ನಾಲ್ಕು ಪುಟ ಬರೆದವರ ಅರ್ಜಿ ಬೀಳುವುದು ಇದರಿಂದಲೇ. ‘ಯಾಕೆ ಮಾಡಲಿಲ್ಲ’ ಎಂದು ಕೇಳಬಾರದು, ದಾಖಲೆ ಕೇಳಬೇಕು: ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಬಿಲ್ಲಿನ ಪ್ರತಿ. ಮೂವತ್ತು ದಿನ ಕಾಯಬೇಕು, ಆಮೇಲಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ, ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಇಷ್ಟೆಲ್ಲಕ್ಕೂ ಬುಡ ಮತದಾರರ ಪಟ್ಟಿ. ಅಲ್ಲಿ ಹೆಸರಿಲ್ಲದವರು ಗ್ರಾಮಸಭೆಯ ಸದಸ್ಯರೂ ಅಲ್ಲ. ಮೊಳಕೆ ಪರೀಕ್ಷೆಯ ಹಾಗೆ ಇದನ್ನೂ ಬಿತ್ತನೆಗೆ ಮುಂಚೆ ಮಾಡಬೇಕು. ಚುನಾವಣೆಯ ದಿನ ಬೂತಿನ ಮುಂದೆ ನಿಂತು ಮಾಡುವ ಕೆಲಸವಲ್ಲ. ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ತಿದ್ದುಪಡಿ ಮತ್ತು ಸ್ಥಳ ಬದಲಾವಣೆಗೆ 8. ಹದಿನೆಂಟು ತುಂಬುವ ಅರ್ಹತಾ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖು. ಜತ್ತ, ಸೊಲ್ಲಾಪುರದಿಂದ ಇಂಡಿ, ಚಡಚಣಕ್ಕೆ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಅದಕ್ಕೆ ಹೊಸದಾಗಿ 6 ತುಂಬಿದರೆ ಎರಡು ಕಡೆ ಹೆಸರಾಗುತ್ತದೆ, ಅದು ತಪ್ಪು. ರಾಜ್ಯ ಬದಲಾದರೂ ನಮೂನೆ 8ರಲ್ಲೇ ವರ್ಗ ಮಾಡಿಸಬೇಕು. ಗುಳೆ ಹೋದವರದು ಇನ್ನೊಂದು ಪಾಡು. ಕಬ್ಬು ಕಡಿಯಲು, ಗೋವೆಗೆ ಕಟ್ಟಡ ಕೆಲಸಕ್ಕೆ ಹೋದಾಗ ಮತಗಟ್ಟೆ ಅಧಿಕಾರಿ ಮನೆಗೆ ಬಂದು ಬೀಗ ನೋಡಿ ‘ಇಲ್ಲ’ ಎಂದು ಬರೆದರೆ ಮುಗಿಯಿತು. ಹೋಗುವ ಮುಂಚೆ ಆ ಅಧಿಕಾರಿಯ ನಂಬರು ಬರೆದುಕೊಂಡು, ಊರಲ್ಲಿ ಉಳಿದ ಒಬ್ಬರಿಗೆ ಚೀಟಿಯ ಪ್ರತಿ ಕೊಟ್ಟು ಹೋಗುವುದು ಮೇಲು.

ಅಂಜಿಕೆಗೆ ಆಧಾರವಿಲ್ಲದಿಲ್ಲ. ಪಕ್ಕದ ಕಲಬುರಗಿಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಅದು ಬಯಲಾದದ್ದು ಮತಗಟ್ಟೆ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಯ ಹೆಸರಿನ ಮೇಲೇ ಅರ್ಜಿ ಬಂದದ್ದನ್ನು ಕಂಡು ವಿಚಾರಿಸಿದ್ದರಿಂದ. ಬೆಂಗಳೂರಿನ, ದಿಲ್ಲಿಯ ಯಾವ ದೊಡ್ಡವರೂ ಮೊದಲು ಹಿಡಿಯದ್ದನ್ನು ಪಟ್ಟಿ ಓದುತ್ತಿದ್ದ ಒಬ್ಬರು ಹಿಡಿದರು. ಹೆಸರು ಹೋಗಿದ್ದರೆ ಆದೇಶದ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮೂವತ್ತು ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಕರ್ನಾಟಕದಲ್ಲಿ ಮತದಾರರ ಪಟ್ಟಿಯ ಹಿಂದಿನ ತೀವ್ರ ಪರಿಷ್ಕರಣೆ, ಅಂದರೆ ಮನೆಮನೆಗೆ ಹೋಗಿ ಪಟ್ಟಿಯನ್ನೇ ಹೊಸದಾಗಿ ಮಾಡುವುದು, ಆದದ್ದು 2002ರಲ್ಲಿ. ಆ ವರ್ಷದ ಪಟ್ಟಿಯಲ್ಲಿ ತಮ್ಮ ಅಥವಾ ತಂದೆ-ತಾಯಿಯ ಹೆಸರು ಯಾವ ಭಾಗ, ಯಾವ ಕ್ರಮಸಂಖ್ಯೆಯಲ್ಲಿತ್ತು ಎಂದು ಹುಡುಕಿ ಡೈರಿಯಲ್ಲಿ ಬರೆದಿಡುವುದು ಒಂದು ಸಂಜೆಯ ಕೆಲಸ.

ಜನಗಣತಿ ಇದೇ ಸಂವತ್ಸರದಲ್ಲಿ. ಮನೆಪಟ್ಟಿ 2026ರ ಏಪ್ರಿಲ್–ಸೆಪ್ಟೆಂಬರ್ ನಡುವೆ, ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ, ಜಾತಿಯನ್ನೂ ಬರೆದುಕೊಳ್ಳುತ್ತಾರೆ. 1971ರ ಲೆಕ್ಕದ ಮೇಲೆ ನಿಂತಿರುವ ಲೋಕಸಭಾ ಸ್ಥಾನಗಳ ಹಂಚಿಕೆ, ಕರ್ನಾಟಕದ 28 ಸೀಟಿನ ಸಮೇತ, 2026ರ ನಂತರದ ಮೊದಲ ಗಣತಿಯವರೆಗೆ ಎಂದು ಕಟ್ಟಿಹಾಕಿದ್ದದ್ದು. ಆ ಗಂಟು ಇದರಿಂದ ಬಿಚ್ಚುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಮಾತೃಭಾಷೆಯ ಕಲಂ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಕೇಳಬೇಕು, ಜೊತೆಗೆ ಗೊತ್ತಿರುವ ಇನ್ನೆರಡು ಭಾಷೆ. ಅವಸರದಲ್ಲಿ ಮನೆಯ ಹಿರಿಯನದನ್ನೇ ಎಲ್ಲರಿಗೂ ಬರೆದುಬಿಡುವುದು ಸಾಮಾನ್ಯ ತಪ್ಪು. ಖಾನಾಪುರ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಅತ್ತೆ ಮರಾಠಿ, ಸೊಸೆ ಕನ್ನಡ ಇರುವುದುಂಟು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬರೆದದ್ದನ್ನು ಓದಿಸಿ ಕೇಳಬೇಕು. ಎರಡೂ ಕಡೆಯ ಮುಖಂಡರು ‘ಇಂಥದೇ ಬರೆಸ್ರಿ’ ಎಂದು ಬಂದರೆ ಚಹಾ ಕೊಟ್ಟು ಕಳಿಸುವುದು ಒಳ್ಳೆಯದು.

ಕಬ್ಬಿನವರ ವರ್ಷದ ಲೆಕ್ಕ ಬೇರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ ₹3,500 ಕೇಳಿ ಕೂತರು, 11.25 ರಿಕವರಿಗೆ (ನೂರು ಪಾಲು ಕಬ್ಬಿನಿಂದ ಸಿಗುವ ಸಕ್ಕರೆಯ ಪಾಲು) ₹3,300ಕ್ಕೆ ಇತ್ಯರ್ಥವಾಯಿತು. ಗೆದ್ದರೋ ಸೋತರೋ ಎಂಬ ವಾದ ಇನ್ನೂ ಮುಗಿದಿಲ್ಲ. ಲೆಕ್ಕ ಗೊತ್ತಿದ್ದವರಿಗೆ ವಾದ ಸುಲಭ. 2025–26ರ ಕೇಂದ್ರದ ದರ 10.25 ರಿಕವರಿಗೆ ಕ್ವಿಂಟಲಿಗೆ ₹355, ಮೇಲಿನ ಪ್ರತಿ 0.1ಕ್ಕೆ ₹3.46. ಹಾಗಾಗಿ 11.25ಕ್ಕೆ ₹389.60, ಟನ್ನಿಗೆ ₹3,896. ಇದರಲ್ಲಿ ಕಟಾವು ಮತ್ತು ಸಾಗಾಣಿಕೆ ಹೋಗುತ್ತದೆ. ಅದು ₹800 ಆದರೆ ಕೈಗೆ ₹3,096. ಆ ಖರ್ಚು ನೂರು ರೂಪಾಯಿ ಏರಿದರೆ ದೂರದ ಯಾವ ಮಂತ್ರಿಯೂ ಕಾರಣನಲ್ಲ, ಕಟಾವಿನ ಗ್ಯಾಂಗಿನ ಜೊತೆ ಮಾತಾಡಿದ ದರ ಕಾರಣ. ಇತ್ಯರ್ಥದ ₹3,300 ಈ ಖರ್ಚು ಕಳೆದ ಮೇಲಿನದು ಎಂಬುದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು.

ಕಬ್ಬು ಹಾಕಿದ ಹದಿನಾಲ್ಕು ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ: 1966ರ ಕಬ್ಬು ನಿಯಂತ್ರಣ ಆದೇಶ. (ನೋಡಿ, ಅದೂ ಆ 1966ರದೇ.) ಆದರೆ ಅದರಲ್ಲೊಂದು ಕಿಂಡಿ ಇದೆ: ‘ಬೇರೆ ರೀತಿಯ ಲಿಖಿತ ಒಪ್ಪಂದ ಇಲ್ಲದಿದ್ದರೆ’. ಹಂಗಾಮಿನ ಶುರುವಿಗೆ ಸಹಿ ಹಾಕುವ ಕಾಗದಗಳ ನಡುವೆ ‘ಕಂತಿನಲ್ಲಿ ಪಡೆಯಲು ಒಪ್ಪಿದ್ದೇನೆ’ ಎಂಬ ಸಾಲು ಇದ್ದರೆ ಹದಿನಾಲ್ಕು ದಿನದ ಹಕ್ಕು ಅಲ್ಲೇ ಹೋಯಿತು. ಓದದೆ ಸಹಿ ಹಾಕಬಾರದು, ಹಾಕಿದ ಕಾಗದದ ಫೋಟೋ ಇರಬೇಕು, ತೂಕದ ಚೀಟಿ ಒಂದೂ ಕಳೆಯಬಾರದು.

ನೀರಿನ ಫೈಲುಗಳ ವಿಷಯದಲ್ಲಿ ವರ್ಷಾಂತ್ಯಕ್ಕೂ ನಮಗೂ ಏನೋ ನಂಟಿದೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಕೃಷ್ಣೆಯ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 2010ರ ಡಿಸೆಂಬರ್ 30ರಂದು. ಮಹದಾಯಿ ನೀರು ತರುವ ಕಳಸಾ-ಬಂಡೂರಿಯ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಹಸಿರು ನಿಶಾನೆ ತೋರಿದ್ದು 2022ರ ಡಿಸೆಂಬರ್ 29ರಂದು. ಎರಡೂ ಸಲ ಹೊಸ ವರ್ಷಕ್ಕೆ ಪೇಡೆ ಹಂಚಿದರು. ಒಂದಕ್ಕೆ ಗೆಜೆಟ್ ಅಧಿಸೂಚನೆ ಇಲ್ಲ, ಇನ್ನೊಂದು ಅರಣ್ಯದ ಅನುಮತಿಯಲ್ಲಿ ಸಿಕ್ಕಿಕೊಂಡಿತು. ಇಂಥ ಕಡೆ ಊರಿನವರು ಮಾಡಬಹುದಾದದ್ದು ಕಡಿಮೆ. ಒಂದೇ ದಾರಿ: ಡಿಸೆಂಬರಿನ ಅಧಿವೇಶನಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರ ಟೆಂಟ್ ಹಾಕುವ ಮುಂಚೆ, ನವೆಂಬರಿನಲ್ಲೇ ಶಾಸಕರ ಕೈಗೆ ಪ್ರಶ್ನೆ ಬರೆದು ಕೊಡುವುದು. ಸದನದ ಪ್ರಶ್ನೆಗೆ ಮುಂಗಡ ನೋಟಿಸು ಬೇಕು. ಅಧಿವೇಶನದ ದಿನ ಕೊಟ್ಟ ಮನವಿಗೆ ಫೋಟೋ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಆಲಮಟ್ಟಿಯನ್ನು ಭರವಸೆಯ ಕತೆಯಾಗಿ ಹೇಳುವುದು ರೂಢಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು, 2006ರಲ್ಲಿ ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದ್ದು. ನಡುವೆ ನಲವತ್ತೆರಡು ಯುಗಾದಿ. ಇಂಡಿಯ ಲಿಂಬೆ ತೋಟದವರಿಗೆ ಅದು ಭರವಸೆಯೇ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಮನೆ ಕಳೆದುಕೊಂಡು ನವನಗರದ ಸೆಕ್ಟರುಗಳಿಗೆ ಹೋದವರಿಗೆ ಅದೇ ಹೆಸರು ಬೇರೆ ಅರ್ಥ ಕೊಡುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ 75,563 ಎಕರೆಗೆ 2025ರ ಸೆಪ್ಟೆಂಬರಿನಲ್ಲಿ ಸಂಪುಟ ಒಪ್ಪಿದ ದರ, ಪ್ರತಿ ಎಕರೆಗೆ, ನೀರಾವರಿಗೆ ₹40 ಲಕ್ಷ, ಒಣ ಬೇಸಾಯಕ್ಕೆ ₹30 ಲಕ್ಷ. ಎರಡರ ನಡುವಿನ ಹತ್ತು ಲಕ್ಷ ನಿಂತಿರುವುದು ಪಹಣಿಯ ಒಂದು ಕಲಮಿನ ಮೇಲೆ. ಬಾವಿ, ಬೋರು, ನದಿ ಪಂಪ್‌ಸೆಟ್ ಇದ್ದೂ ಪಹಣಿಯಲ್ಲಿ ‘ಖುಷ್ಕಿ’ (ಒಣ ಬೇಸಾಯ) ಎಂದೇ ಇರುವ ಹೊಲಗಳು ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಬೇಕಾದಷ್ಟಿವೆ. ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು, ವಿದ್ಯುತ್ ಬಿಲ್ಲು, ಬೆಳೆ ದಾಖಲೆ ಲಗತ್ತಿಸಿ ಸ್ಥಳ ಪರಿಶೀಲನೆ ಕೇಳಬೇಕು. ನೋಟಿಸು ಬಂದ ಮೇಲೆ ತಿದ್ದುಪಡಿಗೆ ಓಡಿದರೆ ಅನುಮಾನದಿಂದ ನೋಡುತ್ತಾರೆ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲೇ ಆದ ಹಿಸ್ಸೆಗಳದು ಇದಕ್ಕಿಂತ ದೊಡ್ಡ ತೊಡಕು. ಪರಿಹಾರದ ಚೆಕ್ಕು ಪಹಣಿಯ ಹೆಸರಿಗೇ ಬರುತ್ತದೆ, ಜಗಳ ಕೋರ್ಟಿಗೆ ಹೋಗುತ್ತದೆ.

ಮನೆಯೊಳಗಿನ ರಾಜಕೀಯಕ್ಕೂ ಒಂದು ಮಾತು. ಹಬ್ಬದ ದಿನ ಹೋಳಿಗೆ ಊಟಕ್ಕೆ ಕೂತ ಅಣ್ಣತಮ್ಮಂದಿರು ಫಾರ್ವರ್ಡ್ ಮೆಸೇಜಿಗೆ ತಟ್ಟೆ ಸರಿಸಿ ಏಳುವುದು ಈಗ ಅಪರೂಪವಲ್ಲ. ಬಂದ ಸುದ್ದಿಯಲ್ಲಿ ಊರು, ತಾರೀಖು, ಹೇಳಿದವರ ಹೆಸರು ಈ ಮೂರರಲ್ಲಿ ಒಂದಾದರೂ ಇಲ್ಲದಿದ್ದರೆ ಮುಂದೆ ಕಳಿಸಬಾರದು. ಹಳೆಯ ಫೋಟೋಗೆ ಹೊಸ ಸಾಲು ಅಂಟಿಸಿದವೇ ಜಾಸ್ತಿ. ‘ಇದು ಸುಳ್ಳೋ ಯಪ್ಪಾ’ ಎಂದು ಗ್ರೂಪಿನಲ್ಲಿ ಎಲ್ಲರೆದುರು ಕಾಕಾನಿಗೆ ಹೇಳಿದರೆ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಫೋನ್ ಮಾಡಿ ‘ಕಾಕಾ, ಇದನ್ನ ಒಂಚೂರು ನೋಡ್ರಿ’ ಎಂದರೆ ಹತ್ತರಲ್ಲಿ ನಾಲ್ಕು ಸಲವಾದರೂ ಅಳಿಸುತ್ತಾರೆ. ಉಳಿದ ಆರು ಸಲ ಹೋಳಿಗೆಗೆ ಇನ್ನಷ್ಟು ತುಪ್ಪ.

ಈ ಕಡೆ ಲಾವಣಿ ಹೊಲದ ಕರಾರು, ವರ್ಷದ ಆಳಿನ ಮಾತು ನಡೆಯುವುದು ಯುಗಾದಿಯಿಂದ ಯುಗಾದಿಗೆ. ಅದೇ ಕ್ಯಾಲೆಂಡರಿನ ಅಂಚಿನಲ್ಲಿ ಇನ್ನು ನಾಲ್ಕು ಸಾಲಿಗೆ ಜಾಗವಿದೆ. ಮಾರ್ಚ್ 31, ಪಂಚಾಯಿತಿಯ ಬಾಕಿ ಲೆಕ್ಕ. ಏಪ್ರಿಲ್‌ನಿಂದ ಸೆಪ್ಟೆಂಬರ್, ಮನೆಪಟ್ಟಿಯವರು ಬರುವುದು, ಮನೆಯಲ್ಲಿ ಯಾರಾದರೂ ಇರಬೇಕು. ನವೆಂಬರ್ ಮೊದಲ ವಾರ, ಶಾಸಕರಿಗೆ ಪ್ರಶ್ನೆ. ಅಕ್ಟೋಬರ್ 1 ಹಸ್ತ ಮಳೆಯಲ್ಲಿ ಬರುತ್ತದೆ, ಎರೆಹೊಲದಲ್ಲಿ ಬಿಳಿಜೋಳದ ಹದ. ಅಂದು ಮುಂಜಾನೆ ಕೂರಿಗೆ ಹೂಡುವ ಮನೆಯಲ್ಲಿ ಹದಿನೆಂಟು ತುಂಬಿದ ಮಗಳಿದ್ದರೆ, ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುವುದರೊಳಗೆ ಅವಳ ನಮೂನೆ 6 ಮೊಬೈಲಿನಲ್ಲೇ ತುಂಬಿ ಮುಗಿಯುತ್ತದೆ. ಫೋಟೋ, ಹುಟ್ಟಿದ ದಿನಾಂಕದ ದಾಖಲೆ, ವಿಳಾಸದ ದಾಖಲೆ, ಮನೆಯ ಒಬ್ಬರ ಮತದಾರರ ಚೀಟಿಯ ನಂಬರು ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಂಡಿದ್ದರೆ ಸಾಕು.